ಎಕ್ಸ್‌ಪರ್ಟ್ ನೆಗೆಟಿವ್, ಸಿಎಸ್‌ಎಫ್ ತಿಳಿ: ಎರಡು ವರ್ಷದ ಮಗುವಿಗೆ ಮಿದುಳಿನ ಟಿಬಿ ಔಷಧ ಈಗಲೇ ಶುರು ಮಾಡಬೇಕೆ?

ಪ್ರಶ್ನೆ: ಎಳೆಮಕ್ಕಳವಾರ್ಡ್

ಎಲ್ಲರಿಗೂ ನಮಸ್ಕಾರ. 2 ವರ್ಷ 2 ತಿಂಗಳ ಮಗು, ತೂಕ 11 ಕೆ.ಜಿ. 11 ದಿನದಿಂದ ಜ್ವರ, ದಿನಕ್ಕೆರಡು ಸಲ ವಾಂತಿ, ಭೇದಿ ಇಲ್ಲ. ಆಟ ಬಿಟ್ಟು ಮಂಕಾಗಿ ಮಲಗುತ್ತದೆ, ಎತ್ತಿಕೊಂಡರೆ ಕಿರಿಕಿರಿ. ಕಳೆದ ಎರಡು ತಿಂಗಳಲ್ಲಿ ಅರ್ಧ ಕೆ.ಜಿ. ಇಳಿದಿದೆ. ಸೆಫ್ಟ್ರಿಯಾಕ್ಸೋನ್ ಕೊಟ್ಟು 5 ದಿನವಾಯಿತು, ಬದಲಾವಣೆ ಇಲ್ಲ. ನಿನ್ನೆಯಿಂದ ಎಡಗಣ್ಣು ಹೊರಕ್ಕೆ ತಿರುಗುತ್ತಿಲ್ಲ. ಜಿಸಿಎಸ್ (ಎಚ್ಚರದ ಮಟ್ಟದ ಅಂಕ, ಪೂರ್ತಿ ಎಚ್ಚರಕ್ಕೆ 15) 13. ಕುತ್ತಿಗೆ ಸ್ವಲ್ಪ ಮಾತ್ರ ಬಿಗಿ. ಮನೆಯಲ್ಲಿ ಹಿರಿಯರೊಬ್ಬರಿಗೆ 4 ತಿಂಗಳ ಹಿಂದೆ ಶ್ವಾಸಕೋಶದ ಟಿಬಿ ಗೊತ್ತಾಗಿ ಔಷಧ ನಡೆಯುತ್ತಿದೆ. ಮಗುವಿಗೆ ಬಿಸಿಜಿ ಹಾಕಿದೆ.

ಸಿಎಸ್‌ಎಫ್ (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ): ನೋಡಲು ತಿಳಿ, ಜೀವಕೋಶ 180, ಅದರಲ್ಲಿ 80% ಲಿಂಫೊಸೈಟ್, ಪ್ರೋಟೀನ್ 140 ಮಿ.ಗ್ರಾಂ/ಡೆಸಿಲೀಟರ್, ಗ್ಲೂಕೋಸ್ 32 (ಅದೇ ಹೊತ್ತಿನ ರಕ್ತದ ಗ್ಲೂಕೋಸ್ 96). ಗ್ರಾಂ ಸ್ಟೇನ್‌ನಲ್ಲಿ ಏನೂ ಇಲ್ಲ. ಎಕ್ಸ್‌ಪರ್ಟ್ ಅಲ್ಟ್ರಾ (ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಕಾರ್ಟ್ರಿಜ್ ಪರೀಕ್ಷೆ) ನೆಗೆಟಿವ್, ಆದರೆ ಲ್ಯಾಬ್‌ಗೆ ಹೋದದ್ದು ಸುಮಾರು 0.5 ಮಿ.ಲೀ. ಮಾತ್ರ. ಮಾಂಟೂ (ಟಿಬಿಯ ಚರ್ಮ ಪರೀಕ್ಷೆ) 4 ಮಿ.ಮೀ. ಕಾಂಟ್ರಾಸ್ಟ್ ಸಿಟಿ ಇನ್ನು ಎರಡು ಗಂಟೆಯಲ್ಲಿ ಆಗುತ್ತದೆ.

ನನ್ನ ಪ್ರಶ್ನೆಗಳು:

1) ಟಿಬಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬರುವವರೆಗೆ ಕಾಯದೆ ಈಗಲೇ ಶುರು ಮಾಡಲು ಇಷ್ಟು ಸಾಕೆ?
2) 12 ತಿಂಗಳ ಹಳೆಯ ಕ್ರಮವೋ, 6 ತಿಂಗಳ ಹೊಸ ಕ್ರಮವೋ? 11 ಕೆ.ಜಿ.ಗೆ ಮಾತ್ರೆ ಲೆಕ್ಕ ಹೇಗೆ?
3) ಹೈಡ್ರೊಸೆಫಲಸ್ (ಮಿದುಳಿನೊಳಗೆ ಸಿಎಸ್‌ಎಫ್ ತುಂಬಿ ಹಿಗ್ಗುವುದು) ಕಂಡರೆ ಶಂಟ್ (ಅದನ್ನು ಹರಿಸುವ ಕೊಳವೆ) ಯಾವಾಗ?

ಉತ್ತರ: ನರಶಿಶು

ಮೊದಲ ಪ್ರಶ್ನೆಗೆ ಮೊದಲು ಉತ್ತರ: ಸಾಕು. ಸಿಟಿಗೂ ಕಾಯಬೇಡಿ, ಮೊದಲ ಡೋಸ್ ಈಗಲೇ ಹೋಗಲಿ. ಈ ಕಾಯಿಲೆಯಲ್ಲಿ ಮಗು ಮುಂದೆ ಹೇಗಿರುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಔಷಧ ಶುರುವಾದ ದಿನ ಅದು ಯಾವ ಹಂತದಲ್ಲಿತ್ತು ಎಂಬುದೇ. ಜಿಸಿಎಸ್ 15, ನರದ ದೋಷವಿಲ್ಲ ಎಂದರೆ 1ನೇ ಹಂತ. ಜಿಸಿಎಸ್ 11–14, ಅಥವಾ 15 ಇದ್ದೂ ನರದ ದೋಷವಿದ್ದರೆ 2ನೇ ಹಂತ. 10 ಅಥವಾ ಅದಕ್ಕಿಂತ ಕೆಳಗೆ 3ನೇ ಹಂತ. ನಿಮ್ಮ ಮಗು ಈಗ 2ರಲ್ಲಿದೆ. ಅಲ್ಲಿಂದ 3ಕ್ಕೆ ಜಾರಲು ಒಂದೆರಡು ದಿನ ಸಾಕು, ಕಲ್ಚರ್ ಬರಲು 2ರಿಂದ 6 ವಾರ ಬೇಕು.

ಎಕ್ಸ್‌ಪರ್ಟ್ ನೆಗೆಟಿವ್ ಬಂದದ್ದಕ್ಕೆ ಅರ್ಥವೇನು? ಮಕ್ಕಳ ಸಿಎಸ್‌ಎಫ್‌ನಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ. ಅಲ್ಟ್ರಾ ಹಳೆಯ ಕಾರ್ಟ್ರಿಜ್‌ಗಿಂತ ಎಷ್ಟೋ ಸೂಕ್ಷ್ಮ, ಒಂದು ಮಿ.ಲೀ.ಯಲ್ಲಿ 16ರ ಆಸುಪಾಸು ಬ್ಯಾಕ್ಟೀರಿಯಾ ಇದ್ದರೂ ಹಿಡಿಯಬಲ್ಲದು. ಆದರೆ ನೀವು ಕಳಿಸಿದ ಅರ್ಧ ಮಿ.ಲೀ.ಯಲ್ಲಿ ಅಷ್ಟೂ ಇಲ್ಲದಿರಬಹುದು. ಈ ಪರೀಕ್ಷೆ ಪಾಸಿಟಿವ್ ಬಂದರೆ ರೋಗ ಇದೆ ಎಂದು ನಂಬಿ. ನೆಗೆಟಿವ್ ಬಂದರೆ ಆ ಟ್ಯೂಬಿನಲ್ಲಿ ಸಿಗಲಿಲ್ಲ ಎಂದಷ್ಟೇ ತಿಳಿಯಿರಿ. ‘ಟ್ರೇಸ್’ (ಅತ್ಯಲ್ಪ ಸುಳಿವು) ಎಂದು ಬಂದರೂ ಮಕ್ಕಳ ಸಿಎಸ್‌ಎಫ್‌ನಲ್ಲಿ ಅದು ಪಾಸಿಟಿವ್ ಎಂದೇ ಲೆಕ್ಕ. ರಿಫಾಂಪಿಸಿನ್ ಪ್ರತಿರೋಧದ ಬಗ್ಗೆ ಮಾತ್ರ ಟ್ರೇಸ್ ಏನೂ ಹೇಳುವುದಿಲ್ಲ.

ಮತ್ತೊಮ್ಮೆ ಎಲ್‌ಪಿ (ಸೊಂಟದಲ್ಲಿ ಸೂಜಿ ಹಾಕಿ ಸಿಎಸ್‌ಎಫ್ ತೆಗೆಯುವುದು) ಮಾಡುವಿರಾದರೆ ಸಿಟಿ ನೋಡಿ, ಸುರಕ್ಷಿತ ಎಂದಾದ ಮೇಲೆ ಮಾಡಿ. ಈ ವಯಸ್ಸಿಗೆ ಒಟ್ಟು 2ರಿಂದ 4 ಮಿ.ಲೀ. ತೆಗೆಯಬಹುದು. ಸಾಮಾನ್ಯವಾಗಿ ನಡೆಯುವ ತಪ್ಪು ಏನೆಂದರೆ, ನಾಲ್ಕು ಟ್ಯೂಬಿಗೆ ಹನಿ ಹನಿ ಹಂಚಿ ಟಿಬಿಗೆ ಉಳಿದದ್ದನ್ನು ಕಳಿಸುವುದು. ಜೀವಕೋಶ, ಪ್ರೋಟೀನ್, ಗ್ಲೂಕೋಸ್‌ಗೆ ತಲಾ ಅರ್ಧ ಮಿ.ಲೀ. ಧಾರಾಳ. ಉಳಿದದ್ದೆಲ್ಲ, ಅದೂ ರಕ್ತ ಬೆರೆಯುವ ಸಂಭವ ಕಡಿಮೆಯಿರುವ ಕೊನೆಯ ಟ್ಯೂಬು, ಟಿಬಿ ಲ್ಯಾಬ್‌ಗೆ. ಪ್ರಮಾಣ ಸಾಕಷ್ಟಿದ್ದರೆ ಲ್ಯಾಬ್‌ನವರು ಸೆಂಟ್ರಿಫ್ಯೂಜ್ ಮಾಡಿ ಗಸಿಯನ್ನೇ ಕಾರ್ಟ್ರಿಜ್‌ಗೂ ಕಲ್ಚರ್‌ಗೂ ಬಳಸಬಲ್ಲರು. ತಡವಾಗುವಂತಿದ್ದರೆ 2–8 ಡಿಗ್ರಿಯಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಒಂದು ಟ್ಯೂಬನ್ನು ಅಲುಗಿಸದೆ ರಾತ್ರಿಯಿಡೀ ನಿಲ್ಲಿಸಿದರೆ, ಪ್ರೋಟೀನ್ ಹೆಚ್ಚಿರುವಾಗ ನಡುವಿನಲ್ಲಿ ಜೇಡರಬಲೆಯಂಥ ತೆಳುಪೊರೆ ಇಳಿಬಿಟ್ಟಂತೆ ಕಾಣುತ್ತದೆ. ಹಳೆಯ ಗುರುತು, ಕಂಡರೆ ನೆರವು. ಕಾಣದಿದ್ದರೆ ಅದರ ಮೇಲೆ ಏನನ್ನೂ ನಿರ್ಧರಿಸಬೇಡಿ. ಎಡಿಎ (ಸಿಎಸ್‌ಎಫ್‌ನಲ್ಲಿ ಅಳೆಯುವ ಒಂದು ಕಿಣ್ವ) ಕೂಡ ಹಾಗೆಯೇ, ಬೇರೆ ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಲ್ಲೂ (ಮಿದುಳುಪೊರೆಯ ಉರಿಯೂತ) ಏರುತ್ತದೆ.

ಎದೆಯ ಎಕ್ಸ್‌ರೇ ಮಾಡಿಸಿದ್ದೀರಾ? ಪ್ರಶ್ನೆಯಲ್ಲಿ ಕಾಣಲಿಲ್ಲ. ಹೈಲಾರ್ ಗ್ರಂಥಿ (ಶ್ವಾಸಕೋಶದ ಬುಡದ ಗ್ರಂಥಿ) ಉಬ್ಬಿದ್ದರೆ ಅಥವಾ ಮಿಲಿಯರಿ ಚುಕ್ಕೆಗಳಿದ್ದರೆ (ಶ್ವಾಸಕೋಶದ ತುಂಬ ಸಣ್ಣ ಕಾಳಿನಂಥವು) ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬೆಳಗಿನ ಖಾಲಿ ಹೊಟ್ಟೆಯ ಗ್ಯಾಸ್ಟ್ರಿಕ್ ಆಸ್ಪಿರೇಟ್ (ಟ್ಯೂಬಿನಿಂದ ಎಳೆದ ಹೊಟ್ಟೆಯ ರಸ) ಮತ್ತು ಮಲವನ್ನೂ ಎಕ್ಸ್‌ಪರ್ಟ್‌ಗೆ ಕಳಿಸಿ. ಮಿದುಳಿನಲ್ಲಿ ಸಿಗದ ಬ್ಯಾಕ್ಟೀರಿಯಾ ಎಷ್ಟೋ ಸಲ ಹೊಟ್ಟೆಯಲ್ಲಿ ಸಿಗುತ್ತದೆ, ಏಕೆಂದರೆ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ಎಚ್‌ಐವಿ ಪರೀಕ್ಷೆ ಕಡ್ಡಾಯ. ಮಾಂಟೂ 4 ಮಿ.ಮೀ. ಎಂಬುದನ್ನು ಮರೆತುಬಿಡಿ: ಕಾಯಿಲೆ ಜೋರಾಗಿರುವ, ಸೊರಗಿದ ಮಗುವಿನಲ್ಲಿ ಚರ್ಮ ಪ್ರತಿಕ್ರಿಯಿಸದೇ ಇರುವುದು ಸಾಮಾನ್ಯ.

2010ರಲ್ಲಿ ಪ್ರಕಟವಾದ ಟಿಬಿ ಮೆನಿಂಜೈಟಿಸ್ ಅಂಕಪಟ್ಟಿಯಲ್ಲಿ ಈ ಮಗುವನ್ನು ಇಟ್ಟು ನೋಡೋಣ. 5 ದಿನಕ್ಕಿಂತ ಹೆಚ್ಚು ಲಕ್ಷಣ: 4. ತೂಕ ಇಳಿತ: 2. ಮನೆಯಲ್ಲಿ ಟಿಬಿ: 2. ಕಣ್ಣಿನ ನರ: 1. ಪ್ರಜ್ಞೆ ಕುಂದಿದ್ದು: 1. ಒಟ್ಟು 10, ಆದರೆ ಈ ಭಾಗಕ್ಕೆ ಗರಿಷ್ಠ 6. ಸಿಎಸ್‌ಎಫ್‌ನ ಐದೂ ಅಂಶಗಳಿವೆ, ಗರಿಷ್ಠ 4. ಸ್ಕ್ಯಾನ್ ಇಲ್ಲದೆಯೇ 10. ಬೇರೆ ಕಾರಣ ಸಿಗದಿದ್ದರೆ, ಸ್ಕ್ಯಾನ್ ಇಲ್ಲದಾಗ 10, ಇದ್ದಾಗ 12 ಬಂದರೆ ‘ಬಹುತೇಕ ಟಿಬಿ’ ಎಂಬ ವರ್ಗ. ಒಂದು ಎಚ್ಚರಿಕೆ: ಇದು ಸಂಶೋಧನೆಗಾಗಿ ಮಾಡಿದ ಪಟ್ಟಿ. ಅಂಕ 9 ಬಂದಿತೆಂದು ಮಗುವಿಗೆ ಔಷಧ ತಡೆಹಿಡಿಯುವುದಕ್ಕಲ್ಲ.

ಸೆಫ್ಟ್ರಿಯಾಕ್ಸೋನ್ ಅನ್ನು ಈಗಲೇ ನಿಲ್ಲಿಸಬೇಡಿ. ಅರ್ಧಂಬರ್ಧ ಚಿಕಿತ್ಸೆಯಾದ ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಸಹ ಹೀಗೇ ಕಾಣಬಹುದು. ಸಿಎಸ್‌ಎಫ್‌ನ ಸಾಮಾನ್ಯ ಬ್ಯಾಕ್ಟೀರಿಯಾ ಕಲ್ಚರ್ ಬರುವವರೆಗೆ ಎರಡೂ ಜೊತೆಗೇ ಹೋಗಲಿ. ಒಂದೇ ಒಂದು ಬೇಡ: ಟಿಬಿ ಸಂಶಯವಿರುವಾಗ ‘ಸುಮ್ಮನೆ ಜ್ವರಕ್ಕೆ’ ಎಂದು ಲೆವೊಫ್ಲಾಕ್ಸಸಿನ್ ಕೊಡುವುದು. ಅದು ಟಿಬಿ ಬ್ಯಾಕ್ಟೀರಿಯಾವನ್ನು ಅರ್ಧ ಅಡಗಿಸಿ ರೋಗವನ್ನು ಮರೆಮಾಡುತ್ತದೆ.

ಉತ್ತರ: ಸ್ಕ್ಯಾನ್‌ಕೋಣೆ

ಸಿಟಿ ಮಾಡುವಾಗ ಕಾಂಟ್ರಾಸ್ಟ್ ಹಾಕುವ ಮೊದಲಿನ ಚಿತ್ರಗಳನ್ನು ಬಿಡಬೇಡಿ ಎಂದು ಟೆಕ್ನಿಷಿಯನ್‌ಗೆ ಹೇಳಿ. ಮಿದುಳಿನ ತಳದ ಸಿಸ್ಟರ್ನ್‌ಗಳು (ಸಿಎಸ್‌ಎಫ್ ತುಂಬಿದ ಜಾಗಗಳು) ಸಹಜವಾಗಿ ಕಪ್ಪಗಿರಬೇಕು. ಕಾಂಟ್ರಾಸ್ಟ್‌ಗೂ ಮೊದಲೇ ಅವು ಬೆಳ್ಳಗೆ ಮಬ್ಬಾಗಿದ್ದರೆ ಅದು ಮಕ್ಕಳ ಟಿಬಿ ಮೆನಿಂಜೈಟಿಸ್‌ನಲ್ಲಿ ನಂಬಬಹುದಾದ ಗುರುತು. ಕಾಂಟ್ರಾಸ್ಟ್ ಕೊಟ್ಟ ಚಿತ್ರ ಮಾತ್ರ ಇದ್ದರೆ ಇದು ಕೈತಪ್ಪುತ್ತದೆ.

ಆ ಜಾಗವೇ ಏಕೆ? ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾ ಮೊದಲು ಮಿದುಳಿನ ಹೊರಪದರದಲ್ಲೋ ಅದರ ಪೊರೆಯಲ್ಲೋ ಸಣ್ಣ ಗಂಟಾಗಿ ಕೂರುತ್ತದೆ. 1933ರಲ್ಲಿ ರಿಚ್ ಮತ್ತು ಮೆಕಾರ್ಡಕ್ ತೋರಿಸಿಕೊಟ್ಟದ್ದು ಇದನ್ನೇ. ಆ ಗಂಟು ಒಡೆದು ಸಿಎಸ್‌ಎಫ್‌ಗೆ ಸೇರಿದಾಗ ಹುಟ್ಟುವ ಅಂಟು ಲೋಳೆ ತಳದಲ್ಲಿ ಶೇಖರವಾಗುತ್ತದೆ. ಆ ಲೋಳೆಯೊಳಗೆ ಮೂರು ಸಿಕ್ಕಿಬೀಳುತ್ತವೆ: ಕಪಾಲ ನರಗಳು (ಅದಕ್ಕೇ ಕಣ್ಣು ತಿರುಗದು), ಸಿಎಸ್‌ಎಫ್ ಹರಿಯುವ ದಾರಿ (ಅದಕ್ಕೇ ಹೈಡ್ರೊಸೆಫಲಸ್), ಮತ್ತು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾಕ್ಕೆ ಹೋಗುವ ಸಣ್ಣ ರಕ್ತನಾಳಗಳು (ಅದಕ್ಕೇ ಇನ್‌ಫಾರ್ಕ್ಟ್, ಅಂದರೆ ರಕ್ತ ಸಿಗದೆ ಮಿದುಳಿನ ಭಾಗ ಸಾಯುವುದು). ಮೂರನೆಯದೇ ಮಗುವಿಗೆ ಕಾಯಂ ಊನ ತರುವಂಥದು.

ಆರಂಭದಲ್ಲಿ ಸಿಟಿ ಸಹಜವಾಗಿಯೂ ಇರಬಹುದು. ಸಹಜ ಸಿಟಿ ನೋಡಿ ಔಷಧ ನಿಲ್ಲಿಸಬೇಡಿ. ಹೊಸ ಇನ್‌ಫಾರ್ಕ್ಟ್ ಮತ್ತು ಮಿದುಳುಕಾಂಡದ ಗಾಯ ನೋಡಲು ಎಂಆರ್‌ಐ ಉತ್ತಮ, ಆದರೆ ಅಲುಗಾಡದಂತೆ ನಿದ್ದೆಯ ಔಷಧ ಕೊಡಬೇಕಾದ ಮಗುವಿನಲ್ಲಿ ಅದಕ್ಕಾಗಿ ಚಿಕಿತ್ಸೆ ತಡಮಾಡುವಂತಿಲ್ಲ. ಉಂಗುರದಂಥ ಗಂಟು ಕಂಡರೆ: 20 ಮಿ.ಮೀ.ಗಿಂತ ಚಿಕ್ಕದು, ದುಂಡಗೆ, ಒಳಗೊಂದು ಚುಕ್ಕೆಯಿದ್ದರೆ ಸಿಸ್ಟಿಸರ್ಕೋಸಿಸ್ (ಲಾಡಿಹುಳುವಿನ ಮರಿಯ ಗಂಟು) ಯೋಚಿಸಿ. ಅದಕ್ಕಿಂತ ದೊಡ್ಡದು, ಅಂಕುಡೊಂಕು, ಒಂದಕ್ಕೊಂದು ಅಂಟಿದ ಗುಂಪು ಇದ್ದರೆ ಟ್ಯೂಬರ್ಕ್ಯುಲೋಮಾ (ಟಿಬಿಯ ಗಂಟು) ಕಡೆಗೆ ವಾಲಿ.

ಮರುಪ್ರಶ್ನೆ: ಎಳೆಮಕ್ಕಳವಾರ್ಡ್

ಸರ್, ಮೊದಲ ಡೋಸ್ ಹೋಯಿತು. ಸಿಟಿ ಬಂತು: ತಳದ ಪೊರೆಗಳು ಕಾಂಟ್ರಾಸ್ಟ್ ಚೆನ್ನಾಗಿ ಹೀರಿವೆ, ನಾಲ್ಕೂ ವೆಂಟ್ರಿಕಲ್‌ಗಳು (ಮಿದುಳಿನೊಳಗಿನ ಸಿಎಸ್‌ಎಫ್ ಕೋಣೆಗಳು) ಮಧ್ಯಮ ಮಟ್ಟಕ್ಕೆ ಹಿಗ್ಗಿವೆ, ಇನ್‌ಫಾರ್ಕ್ಟ್ ಇಲ್ಲ. ಎಕ್ಸ್‌ರೇಯಲ್ಲಿ ಬಲ ಹೈಲಾರ್ ಗ್ರಂಥಿ. ಎಚ್‌ಐವಿ ನೆಗೆಟಿವ್. ಸೋಡಿಯಂ 127. ಈಗ ಕೊಟ್ಟಿರುವುದು ತೂಕದ ಪಟ್ಟಿಯಲ್ಲಿರುವ ಪ್ರಕಾರ 2 ಮಾತ್ರೆ ಎಫ್‌ಡಿಸಿ (ಹಲವು ಔಷಧ ಸೇರಿಸಿದ ಮಾತ್ರೆ). ಸರಿಯೇ? ಸೋಡಿಯಂಗೆ ದ್ರವ ಕಡಿತ ಮಾಡಲೇ?

ಉತ್ತರ: ಗುಳಿಗೆಲೆಕ್ಕ

2 ಮಾತ್ರೆ ಈ ಮಗುವಿಗೆ ಕಡಿಮೆ. ಏಕೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಪಟ್ಟಿ ನೋಡಿ ಬರೆಯುವಾಗ ಎಲ್ಲರೂ ಎಡವುವ ಜಾಗ ಇದು.

ಮಕ್ಕಳ ಕರಗುವ ಎಫ್‌ಡಿಸಿ ಮಾತ್ರೆಯಲ್ಲಿ ರಿಫಾಂಪಿಸಿನ್ 75, ಐಸೊನಿಯಾಜಿಡ್ 50, ಪೈರಾಜಿನಮೈಡ್ 150 ಮಿ.ಗ್ರಾಂ ಇದೆ. 8–11 ಕೆ.ಜಿ. ಪಟ್ಟಿಗೆ 2 ಮಾತ್ರೆ. 8 ಕೆ.ಜಿ. ಮಗುವಿಗೆ ಅದು ಪ್ರತಿ ಕೆ.ಜಿ.ಗೆ ರಿಫಾಂಪಿಸಿನ್ ಸುಮಾರು 19 ಮಿ.ಗ್ರಾಂ, ಚೆನ್ನಾಗಿದೆ. ನಿಮ್ಮ 11 ಕೆ.ಜಿ.ಗೆ ಅದೇ 2 ಮಾತ್ರೆ ಎಂದರೆ ರಿಫಾಂಪಿಸಿನ್ 13.6, ಐಸೊನಿಯಾಜಿಡ್ 9, ಪೈರಾಜಿನಮೈಡ್ 27. ಪೈರಾಜಿನಮೈಡ್ 30ರ ಕೆಳಮಿತಿಗೂ ತಲುಪಲಿಲ್ಲ. ಶ್ವಾಸಕೋಶದ ಗ್ರಂಥಿಗೆ ಇದು ನಡೆದೀತು. ಮಿದುಳಿಗೆ ನಡೆಯದು. ಐಸೊನಿಯಾಜಿಡ್ ಮತ್ತು ಪೈರಾಜಿನಮೈಡ್ ಸಿಎಸ್‌ಎಫ್‌ಗೆ ಚೆನ್ನಾಗಿ ಇಳಿಯುತ್ತವೆ, ರಿಫಾಂಪಿಸಿನ್ ಇಳಿಯುವುದು 10–20% ಮಾತ್ರ. ರಕ್ತದಲ್ಲೇ ಕಡಿಮೆಯಾದರೆ ಮಿದುಳಿಗೆ ತಲುಪುವುದು ಲೆಕ್ಕಕ್ಕಿಲ್ಲ.

12 ತಿಂಗಳ ಕ್ರಮ: 2 ತಿಂಗಳು ನಾಲ್ಕು ಔಷಧ, ನಂತರ 10 ತಿಂಗಳು ರಿಫಾಂಪಿಸಿನ್ ಮತ್ತು ಐಸೊನಿಯಾಜಿಡ್. ಪ್ರತಿ ಕೆ.ಜಿ.ಗೆ ದಿನಕ್ಕೆ ಐಸೊನಿಯಾಜಿಡ್ 10 (7–15), ರಿಫಾಂಪಿಸಿನ್ 15 (10–20), ಪೈರಾಜಿನಮೈಡ್ 35 (30–40), ಇಥಾಂಬುಟಾಲ್ 20 (15–25). 11 ಕೆ.ಜಿ.ಗೆ 3 ಮಾತ್ರೆ ಕೊಟ್ಟರೆ ರಿಫಾಂಪಿಸಿನ್ 20.5, ಐಸೊನಿಯಾಜಿಡ್ 13.6, ಪೈರಾಜಿನಮೈಡ್ 41 ಬರುತ್ತದೆ. ಮೇಲ್ಮಿತಿಯನ್ನು ಒಂದು ಕೂದಲೆಳೆ ದಾಟುತ್ತದೆ, ಆದರೂ ಮಿದುಳಿನ ಟಿಬಿಯಲ್ಲಿ ನನ್ನ ಒಲವು ಅತ್ತಲೇ. ಇಥಾಂಬುಟಾಲ್ 100 ಮಿ.ಗ್ರಾಂ ಮಾತ್ರೆ 2.

6 ತಿಂಗಳ ತೀವ್ರ ಕ್ರಮ: 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪರ್ಯಾಯವಾಗಿ ಒಪ್ಪಿದೆ. ನಾಲ್ಕೂ ಔಷಧ ಆರೂ ತಿಂಗಳು, ಇಥಾಂಬುಟಾಲ್ ಬದಲು ಇಥಿಯೊನಮೈಡ್. ಪ್ರತಿ ಕೆ.ಜಿ.ಗೆ ಐಸೊನಿಯಾಜಿಡ್ 15–20, ರಿಫಾಂಪಿಸಿನ್ 22.5–30, ಪೈರಾಜಿನಮೈಡ್ 35–45, ಇಥಿಯೊನಮೈಡ್ 17.5–22.5. ಇಲ್ಲಿ ಮೂರೌಷಧದ ಮಾತ್ರೆಯನ್ನೇ 4 ಕೊಟ್ಟರೆ ಪೈರಾಜಿನಮೈಡ್ 54ಕ್ಕೆ ಏರಿ ಯಕೃತ್ತಿಗೆ ಅಪಾಯ. ಅದಕ್ಕೆ 3 ಮೂರೌಷಧದ ಮಾತ್ರೆ ಮತ್ತು 1 ಎರಡೌಷಧದ ಮಾತ್ರೆ (ರಿಫಾಂಪಿಸಿನ್ 75, ಐಸೊನಿಯಾಜಿಡ್ 50) ಸೇರಿಸಿ. ಆಗ ರಿಫಾಂಪಿಸಿನ್ 27, ಐಸೊನಿಯಾಜಿಡ್ 18, ಪೈರಾಜಿನಮೈಡ್ 41. ಇಥಿಯೊನಮೈಡ್ 125ರ ಮಾತ್ರೆ 2, ಅದು 22.7 ಆಗುತ್ತದೆ.

ಯಾವುದು? ಔಷಧ ಪ್ರತಿರೋಧದ ಸಂಶಯವಿಲ್ಲ, ಎಚ್‌ಐವಿ ಇಲ್ಲ, ಇಥಿಯೊನಮೈಡ್ ಆರು ತಿಂಗಳೂ ತಪ್ಪದೆ ಸಿಗುತ್ತದೆ ಎಂದಾದರೆ 6 ತಿಂಗಳದ್ದು ಒಳ್ಳೆಯ ಆಯ್ಕೆ. ನಡುವೆ ಇಥಿಯೊನಮೈಡ್ ನಿಂತುಹೋಗುವ ಭಯವಿದ್ದರೆ 12 ತಿಂಗಳದ್ದನ್ನೇ ಹಿಡಿಯಿರಿ. ಎರಡನ್ನೂ ಬೆರೆಸಿ, ಹಳೆಯ ಡೋಸ್‌ನಲ್ಲಿ 6 ತಿಂಗಳು ಕೊಟ್ಟು ನಿಲ್ಲಿಸುವುದು ಮಾತ್ರ ದೊಡ್ಡ ತಪ್ಪು. ಇಥಿಯೊನಮೈಡ್ ವಾಂತಿ ತರಿಸುತ್ತದೆ, ಥೈರಾಯ್ಡ್ ಕುಗ್ಗಿಸುತ್ತದೆ. ಟಿಎಸ್‌ಎಚ್ ನೋಡುತ್ತಿರಿ. ಪಿರಿಡಾಕ್ಸಿನ್ ದಿನಕ್ಕೆ 10 ಮಿ.ಗ್ರಾಂ ಜೊತೆಗಿರಲಿ.

ಸ್ಟೀರಾಯ್ಡ್: ಪ್ರೆಡ್ನಿಸೊಲೋನ್ 2 ಮಿ.ಗ್ರಾಂ/ಕೆ.ಜಿ., ನಿಮ್ಮ ಮಗುವಿಗೆ ದಿನಕ್ಕೆ 22 ಮಿ.ಗ್ರಾಂ. ತೀರಾ ಕೆಟ್ಟಿದ್ದರೆ 4ರವರೆಗೆ, ಒಟ್ಟು 60 ದಾಟದಂತೆ. 4 ವಾರ ಪೂರ್ತಿ ಡೋಸ್, ಆಮೇಲೆ ಇಳಿಸುತ್ತ ಒಟ್ಟು 6–8 ವಾರ. ನುಂಗಲಾಗದಿದ್ದರೆ ಡೆಕ್ಸಾಮೆಥಸೋನ್ 0.3–0.6 ಮಿ.ಗ್ರಾಂ/ಕೆ.ಜಿ. ಸಾವು ತಗ್ಗಿಸುವುದರಲ್ಲಿ ಸ್ಟೀರಾಯ್ಡ್‌ಗೆ ಗಟ್ಟಿ ಆಧಾರವಿದೆ. ಟಿಬಿ ಔಷಧದ ಜೊತೆಗೇ ಶುರುವಾಗಲಿ, ಒಂಟಿಯಾಗಿ ಬೇಡ. ಆಸ್ಪಿರಿನ್ ಅನ್ನು ಮಕ್ಕಳಲ್ಲಿ ವಾಡಿಕೆಯಾಗಿ ಸೇರಿಸುವಷ್ಟು ಆಧಾರ ಸಾಲದು.

ಫಿಟ್ಸ್ ಬಂದರೆ ಲೆವೆಟಿರಾಸಿಟಮ್ 40 ಮಿ.ಗ್ರಾಂ/ಕೆ.ಜಿ. ಮೊದಲ ಡೋಸ್. ಫೆನಿಟಾಯಿನ್, ಕಾರ್ಬಮಜಪೀನ್ ಮಟ್ಟವನ್ನು ಐಸೊನಿಯಾಜಿಡ್ ಏರಿಸಿ ಮಗುವನ್ನು ಇನ್ನಷ್ಟು ಮಂಕು ಮಾಡುತ್ತದೆ. ಆಗ ಅದು ರೋಗದಿಂದಲೋ ಔಷಧದಿಂದಲೋ ತಿಳಿಯದೆ ಒದ್ದಾಡಬೇಕಾಗುತ್ತದೆ. ವಾಲ್ಪ್ರೊಯೇಟ್ ಯಕೃತ್ತಿನ ಮೇಲೆ ಇನ್ನೊಂದು ಹೊರೆ.

ಉತ್ತರ: ನರಶಿಶು

ಮಾತ್ರೆಯ ಲೆಕ್ಕಕ್ಕೆ ನನ್ನ ಪೂರ್ಣ ಒಪ್ಪಿಗೆ. ಸೋಡಿಯಂ ಮತ್ತು ಹೈಡ್ರೊಸೆಫಲಸ್ ಬಗ್ಗೆ ಬರೆಯುತ್ತೇನೆ. ಮೊದಲ ವಾರದಲ್ಲಿ ಮಗುವನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಈ ಎರಡರಿಂದ.

ದ್ರವ ಕಡಿತ ಮಾಡಬೇಡಿ. ‘ಸೋಡಿಯಂ ಕಡಿಮೆ, ಮಿದುಳಿನ ಕಾಯಿಲೆ, ಹಾಗಾದರೆ ಎಸ್‌ಐಎಡಿಎಚ್ (ದೇಹ ನೀರನ್ನು ಅತಿಯಾಗಿ ಹಿಡಿದಿಡುವ ಸ್ಥಿತಿ), ಹಾಗಾದರೆ ದ್ರವ ಇಳಿಸು’ ಎಂಬ ಸರಪಳಿ ಈ ಮಗುವಿನಲ್ಲಿ ಅಪಾಯಕಾರಿ. ಮಿದುಳಿನ ಕಾಯಿಲೆಯಲ್ಲಿ ಮೂತ್ರದ ಮೂಲಕ ಉಪ್ಪು ಸೋರಿಹೋಗುವ ಸ್ಥಿತಿಯೂ ಇದೆ. ಅದರಲ್ಲಿ ಮಗು ಒಣಗಿರುತ್ತದೆ. ಕಡಿತ ಮಾಡಿದರೆ ರಕ್ತದ ಪ್ರಮಾಣ ಇಳಿದು, ಮೊದಲೇ ಲೋಳೆಯಲ್ಲಿ ಕಿರಿದಾದ ನಾಳಗಳಲ್ಲಿ ರಕ್ತ ನಿಂತು ಇನ್‌ಫಾರ್ಕ್ಟ್ ಆಗುತ್ತದೆ. ನಾಡಿ, ಬಿ.ಪಿ., ನಾಲಿಗೆಯ ಒದ್ದೆ, ಮೂತ್ರದ ಪ್ರಮಾಣ, ತೂಕ ನೋಡಿ. 5% ಡೆಕ್ಸ್‌ಟ್ರೋಸ್ ಬೆರೆತ 0.9% ಸಲೈನ್‌ನಲ್ಲಿ ಸಾಮಾನ್ಯ ಪ್ರಮಾಣದ ದ್ರವ ಕೊಡಿ. ಕಾಲುಭಾಗ ಉಪ್ಪಿನ ಹಳೆಯ ಮಕ್ಕಳ ದ್ರವಗಳು ಇಲ್ಲಿ ನಿಷಿದ್ಧ. ಸೋಡಿಯಂ ಕುಸಿತದಿಂದ ಫಿಟ್ಸ್ ಬಂದರೆ ಅಥವಾ ಪಾಪೆ ಬದಲಾದರೆ 3% ಸಲೈನ್ 3–5 ಮಿ.ಲೀ./ಕೆ.ಜಿ. 15–30 ನಿಮಿಷದಲ್ಲಿ. ಲಕ್ಷಣವಿಲ್ಲದಿದ್ದರೆ ಅವಸರ ಬೇಡ, 24 ಗಂಟೆಯಲ್ಲಿ 8–10 ಮಿಲಿಮೋಲ್‌ಗಿಂತ ಹೆಚ್ಚು ಏರಿಸಬಾರದು. ಮೊದಲ ಮೂರು ದಿನ ಸೋಡಿಯಂ 8–12 ಗಂಟೆಗೊಮ್ಮೆ.

ಹೈಡ್ರೊಸೆಫಲಸ್‌ನಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ದೊಡ್ಡದು’ ಎಂಬುದಕ್ಕಿಂತ ಮೊದಲು ‘ದಾರಿ ಎಲ್ಲಿ ಮುಚ್ಚಿದೆ’ ಎಂಬುದು. ಮಕ್ಕಳ ಟಿಬಿ ಮೆನಿಂಜೈಟಿಸ್‌ನಲ್ಲಿ ಹೆಚ್ಚಿನವು ತೆರೆದ ಬಗೆ: ವೆಂಟ್ರಿಕಲ್‌ನಿಂದ ಹೊರಬಂದ ಮೇಲೆ, ತಳದ ಸಿಸ್ಟರ್ನ್‌ನಲ್ಲಿ ತಡೆ. ನಾಲ್ಕನೆಯ ವೆಂಟ್ರಿಕಲ್ಲೂ ಹಿಗ್ಗಿದೆ ಎಂದಿದ್ದೀರಿ. ಅದು ತೆರೆದ ಬಗೆಯ ಕಡೆಗೆ ಬೆರಳು ತೋರಿಸುತ್ತದೆ, ಆದರೆ ಸಿಟಿ ಒಂದರಿಂದಲೇ ಖಚಿತವಾಗದು, ಅದರ ಹೊರದಾರಿಗಳು ಮುಚ್ಚಿದ್ದರೂ ಹೀಗೇ ಕಾಣುತ್ತದೆ. ನ್ಯೂರೊಸರ್ಜನ್‌ಗೆ ಇವತ್ತೇ ತಿಳಿಸಿಡಿ. ತೆರೆದ ಬಗೆ ಎಂದಾದರೆ ಅಸೆಟಜೊಲಮೈಡ್ 50 ಮಿ.ಗ್ರಾಂ/ಕೆ.ಜಿ. (ನಿಮಗೆ ದಿನಕ್ಕೆ ಸುಮಾರು 550, 3–4 ಭಾಗವಾಗಿ) ಮತ್ತು ಫ್ಯುರೊಸಮೈಡ್ 1 ಮಿ.ಗ್ರಾಂ/ಕೆ.ಜಿ., ಸುಮಾರು ಒಂದು ತಿಂಗಳು. ಸೋಡಿಯಂ 127 ಇರುವಾಗ, ಮಗು ಒಣಗಿರುವಾಗ ಇವನ್ನು ಕೊಡಬಾರದು. ಮೊದಲು ಅದು ಸರಿಹೋಗಲಿ. ಶುರುವಾದ ಮೇಲೆ ಬೈಕಾರ್ಬೊನೇಟ್, ಪೊಟ್ಯಾಷಿಯಂ ನೋಡಿ, ಏದುಸಿರು ಬಂದರೆ ಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವುದು) ಎಂದು ಸಂಶಯಪಡಿ.

ಮುಚ್ಚಿದ ಬಗೆ ಇದ್ದರೆ, ಅಥವಾ ಔಷಧ ನಡೆಯುತ್ತಿದ್ದೂ ಪ್ರಜ್ಞೆ ಇಳಿಯುತ್ತಿದ್ದರೆ ಶಂಟ್ ಅಥವಾ ಎಂಡೊಸ್ಕೋಪಿಕ್ ದಾರಿ. 3ನೇ ಹಂತದ ಮಗುವಿಗೆ ಮೊದಲು ಹೊರಗಿನ ಡ್ರೈನ್ ಇಟ್ಟು ಒಂದೆರಡು ದಿನ ಎಚ್ಚರ ಬರುತ್ತದೆಯೇ ನೋಡುವವರೂ ಇದ್ದಾರೆ. ಮುಚ್ಚಿದ ಬಗೆಯಲ್ಲಿ ಸೊಂಟದಿಂದ ಎಲ್‌ಪಿ ಮಾಡಿದರೆ ಮಿದುಳು ಕೆಳಗೆ ಜಾರಬಹುದು. ಪಾಪೆ ಅಸಮವಾಗಿದ್ದರೆ, ನಾಡಿ ಇಳಿದು ಬಿ.ಪಿ. ಏರುತ್ತಿದ್ದರೆ ಸೂಜಿ ಮುಟ್ಟಬಾರದು, ತಲೆ 30 ಡಿಗ್ರಿ ಎತ್ತಿ, ನೇರವಾಗಿಟ್ಟು, ಮ್ಯಾನಿಟಾಲ್ ಅಥವಾ 3% ಸಲೈನ್ ಕೊಟ್ಟು ಸರ್ಜನ್‌ರನ್ನು ಕರೆಯಬೇಕು.

ಉತ್ತರ: ರಾತ್ರಿಪಾಳಿ

ವಾರ್ಡಿನ ಕಡೆಯಿಂದ ಕೆಲವು ಮಾತು. ಸರಿಯಾದ ಡೋಸ್ ಬರೆದೂ ಮಗುವಿನ ಹೊಟ್ಟೆಗೆ ಸೇರದಿದ್ದರೆ ಲೆಕ್ಕವೆಲ್ಲ ನೀರುಪಾಲು.

ಮಾತ್ರೆಗಳನ್ನು 50 ಮಿ.ಲೀ. ಕುಡಿಯುವ ನೀರಿನಲ್ಲಿ ಕರಗಿಸಿ 10 ನಿಮಿಷದೊಳಗೆ ಕೊಡಬೇಕು. ಹಾಲಿನಲ್ಲಿ ಬೇಡ. ರಿಫಾಂಪಿಸಿನ್‌ಗೆ ಖಾಲಿ ಹೊಟ್ಟೆ ಒಳ್ಳೆಯದು, ಬೆಳಗಿನ ಮೊದಲ ಫೀಡ್‌ಗಿಂತ ಒಂದು ಗಂಟೆ ಮುಂಚೆ ಇಟ್ಟುಕೊಂಡರೆ ದಿನವೂ ಒಂದೇ ಹೊತ್ತು ತಪ್ಪುವುದಿಲ್ಲ. ಜಿಸಿಎಸ್ 13ರ ಮಗು ನುಂಗುವಾಗ ಕೆಮ್ಮಿದರೆ ಬಾಯಿಂದ ಕೊಡುವುದನ್ನು ಅಲ್ಲೇ ನಿಲ್ಲಿಸಿ ಮೂಗಿನ ಟ್ಯೂಬ್ ಹಾಕಿ. ಟ್ಯೂಬಿನಲ್ಲಿ ಕೊಡುವಾಗ ಪುಡಿ ಸಿರಿಂಜಿನ ತಳದಲ್ಲಿ ಕೂರುತ್ತದೆ. ಅದನ್ನು ಅಲುಗಿಸುತ್ತಲೇ ಬಿಡಬೇಕು. ಕೊನೆಗೆ ಲೋಟಕ್ಕೆ ಸ್ವಲ್ಪ ನೀರು ಹಾಕಿ ತೊಳೆದು ಅದನ್ನೂ ಕೊಟ್ಟು, 5–10 ಮಿ.ಲೀ. ನೀರಿನಿಂದ ಟ್ಯೂಬ್ ಫ್ಲಶ್ ಮಾಡಿ. ಲೋಟದ ಅಡಿಯಲ್ಲಿ ಕೆಂಪು ಗಸಿ ಉಳಿದಿದ್ದರೆ ಡೋಸ್‌ನ ಒಂದು ಪಾಲು ಅಲ್ಲೇ ಉಳಿದಿದೆ ಎಂದರ್ಥ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಡಾಕ್ಟರ್‌ಗೆ ತಿಳಿಸಿ ಮತ್ತೆ ಕೊಡಬೇಕು. ಇಥಿಯೊನಮೈಡ್‌ನಿಂದ ವಾಂತಿ ಹೆಚ್ಚಾದರೆ ಅದೊಂದನ್ನು ಬೇರೆ ಹೊತ್ತಿಗೆ ಸರಿಸಲು ಕೇಳಿ, ಇಡೀ ಡೋಸ್ ಹೋಗುವುದು ತಪ್ಪುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ತಾಯಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ರಕ್ತವೆಂದು ಹೆದರಿ ಔಷಧ ಬಿಡುತ್ತಾರೆ.

ಗಂಟೆಗೊಮ್ಮೆ ಪಾಪೆ ಮತ್ತು ಜಿಸಿಎಸ್. ದಿನವೂ ಒಂದೇ ಟೇಪಿನಲ್ಲಿ ತಲೆಯ ಸುತ್ತಳತೆ, ನೆತ್ತಿ ಇನ್ನೂ ತೆರೆದಿರುವ ಕೂಸುಗಳಲ್ಲಿ ಕೂರಿಸಿ ಅಳದಿರುವಾಗ ಕೈಯಿಟ್ಟು ನೋಡಬೇಕು. ವಾರಕ್ಕೊಮ್ಮೆ ತೂಕ ನೋಡಿ, ಏರಿದಂತೆ ಡೋಸ್ ಏರಿಸಲು ಚಾರ್ಟಿನಲ್ಲಿ ಗುರುತು ಹಾಕಿ. ಮೂರು ತಿಂಗಳಲ್ಲಿ ಈ ಮಗು ಒಂದೂವರೆ ಕೆ.ಜಿ. ಏರಿದರೆ ಇವತ್ತಿನ ಡೋಸ್ ಅಂದಿಗೂ ಸಾಕೇ ಎಂದು ಮತ್ತೆ ಲೆಕ್ಕ ಹಾಕಬೇಕು.

ಪ್ರಶ್ನೆ: ಹೊಸಬ_ಇಂಟರ್ನ್

ಎರಡು ಸಣ್ಣ ಸಂದೇಹ. ಬಿಸಿಜಿ ಹಾಕಿದ್ದೂ ಹೀಗಾಗುತ್ತದೆಯೇ? ಮತ್ತೆ, ಔಷಧ ಶುರುವಾಗಿ ಎರಡು ವಾರವಾದರೂ ಜ್ವರ ಇಳಿಯದಿದ್ದರೆ, ಅಥವಾ ಮಗು ಇನ್ನೂ ಕೆಟ್ಟರೆ ಪ್ರತಿರೋಧವೆಂದು ಔಷಧ ಬದಲಿಸಬೇಕೆ?

ಉತ್ತರ: ನರಶಿಶು

ಆಗುತ್ತದೆ. ಬಿಸಿಜಿ ಮಕ್ಕಳ ಟಿಬಿ ಮೆನಿಂಜೈಟಿಸ್ ಅನ್ನು ಸುಮಾರು ಮುಕ್ಕಾಲು ಪಾಲು ತಡೆಯುತ್ತದೆ, ಪೂರ್ತಿಯಲ್ಲ. ಮನೆಯೊಳಗೇ ಕೆಮ್ಮುವವರಿದ್ದರೆ ಲಸಿಕೆಯ ಗುರುತು ನೋಡಿ ಸಂಶಯ ಬಿಡುವಂತಿಲ್ಲ.

ಜ್ವರ ಮಾತ್ರ ಉಳಿದಿದ್ದರೆ ಕಾಯಿರಿ, ಕೆಲವು ವಾರ ಹಿಡಿಯುತ್ತದೆ. ಸಿಎಸ್‌ಎಫ್ ಪ್ರೋಟೀನ್ ಇನ್ನೂ ಹೆಚ್ಚು ಕಾಲ ಏರಿಯೇ ಇರುತ್ತದೆ. ಮಗು ಕೆಟ್ಟರೆ ಈ ಕ್ರಮದಲ್ಲಿ ನೋಡಿ: ಸೋಡಿಯಂ ಮತ್ತು ಗ್ಲೂಕೋಸ್, ಕಣ್ಣಿಗೆ ಕಾಣದ ಫಿಟ್ಸ್, ಯಕೃತ್ತು, ನಂತರ ಸ್ಕ್ಯಾನ್ (ಹೈಡ್ರೊಸೆಫಲಸ್ ಏರಿತೆ, ಹೊಸ ಇನ್‌ಫಾರ್ಕ್ಟ್ ಇದೆಯೆ), ಡೋಸ್ ಸರಿಯಿದೆಯೆ, ನಿಜವಾಗಿ ಹೊಟ್ಟೆಗೆ ಹೋಗಿದೆಯೆ. ಪ್ರತಿರೋಧ ಇಷ್ಟರ ನಂತರ. ಮೊದಲ ಮೂರು ತಿಂಗಳಲ್ಲಿ ಔಷಧ ಕೆಲಸ ಮಾಡುತ್ತಿರುವಾಗಲೇ ಟ್ಯೂಬರ್ಕ್ಯುಲೋಮಾ ಊದಿಕೊಳ್ಳುವುದು, ಹೊಸದು ಕಾಣಿಸಿಕೊಳ್ಳುವುದು ಉಂಟು. ಅದು ದೇಹದ ಪ್ರತಿಕ್ರಿಯೆ. ಟಿಬಿ ಔಷಧ ಹಾಗೇ ಇಟ್ಟು ಸ್ಟೀರಾಯ್ಡ್ ಏರಿಸಬೇಕು. ದೃಷ್ಟಿ ಕುಂದುತ್ತಿದೆ ಎನಿಸಿದರೆ, ಕೈಗೆ ಕೊಟ್ಟ ವಸ್ತುವನ್ನು ಮಗು ನೋಡದೆ ತಡಕುತ್ತಿದ್ದರೆ, ಅದು ತುರ್ತು: ಕಣ್ಣಿನ ನರದ ಸುತ್ತ ಲೋಳೆ ಬಿಗಿಯುತ್ತಿದೆ.

ಕಾಮಾಲೆ ಬಂದರೆ, ಲಕ್ಷಣಗಳ ಜೊತೆ ಎಎಲ್‌ಟಿ (ಯಕೃತ್ತಿನ ಕಿಣ್ವ) ಸಹಜ ಮೇಲ್ಮಿತಿಯ 3 ಪಟ್ಟು ದಾಟಿದರೆ, ಅಥವಾ ಲಕ್ಷಣವಿಲ್ಲದೆ 5 ಪಟ್ಟು ದಾಟಿದರೆ ರಿಫಾಂಪಿಸಿನ್, ಐಸೊನಿಯಾಜಿಡ್, ಪೈರಾಜಿನಮೈಡ್, ಇಥಿಯೊನಮೈಡ್ ನಿಲ್ಲಿಸಿ. ಶ್ವಾಸಕೋಶದ ಟಿಬಿಯಲ್ಲಿ ಕೆಲವು ದಿನ ಔಷಧವಿಲ್ಲದೆ ತಳ್ಳಬಹುದು, ಮಿದುಳಿನದರಲ್ಲಿ ಒಂದು ದಿನವೂ ಕೂಡದು. ಇಥಾಂಬುಟಾಲ್, ಲೆವೊಫ್ಲಾಕ್ಸಸಿನ್, ಅಮಿಕಾಸಿನ್ ನಡೆಯುತ್ತಿರಲಿ. ಯಕೃತ್ತು ಇಳಿದ ಮೇಲೆ ರಿಫಾಂಪಿಸಿನ್, ನಂತರ ಐಸೊನಿಯಾಜಿಡ್, ಕೊನೆಗೆ ಪೈರಾಜಿನಮೈಡ್ ಎಂದು ಒಂದೊಂದಾಗಿ ಮರಳಿಸಿ.

ಪ್ರತಿರೋಧದ ಸುಳಿವು ಸಿಗುವ ಜಾಗ ಮಗುವಿನ ಸಿಎಸ್‌ಎಫ್‌ಗಿಂತ ಮನೆಯ ಹಿರಿಯರ ಕಫ. ಎಳೆಮಕ್ಕಳವಾರ್ಡ್ ಅವರೇ, ಅವರ ಎಕ್ಸ್‌ಪರ್ಟ್ ಮತ್ತು ಕಲ್ಚರ್ ವರದಿ ಇವತ್ತೇ ತರಿಸಿ. ನಾಲ್ಕು ತಿಂಗಳ ಔಷಧದ ನಂತರವೂ ಅವರ ಕಫ ಪಾಸಿಟಿವ್ ಇದ್ದರೆ ಮಗುವಿನ ಕ್ರಮವನ್ನು ತಜ್ಞರ ಜೊತೆ ಕೂತು ಮತ್ತೆ ಬರೆಯಬೇಕು. ಲೆವೊಫ್ಲಾಕ್ಸಸಿನ್, ಲಿನೆಜೊಲಿಡ್, ಸೈಕ್ಲೊಸೆರಿನ್, ಇಥಿಯೊನಮೈಡ್ ಮಿದುಳಿಗೆ ಇಳಿಯುವ ಔಷಧಗಳು, ಅವುಗಳ ಸುತ್ತ ಕಟ್ಟಬೇಕಾಗುತ್ತದೆ.

ಅದೇ ಮನೆಯಲ್ಲಿ 5 ವರ್ಷದೊಳಗಿನ ಬೇರೆ ಮಕ್ಕಳಿದ್ದರೆ ಅವರನ್ನೂ ಇವತ್ತೇ ನೋಡಿ. ಜ್ವರ, ಕೆಮ್ಮು, ತೂಕದ ತೊಂದರೆ ಏನೂ ಇಲ್ಲದ, ಟಿಬಿ ಇಲ್ಲವೆಂದು ಖಾತ್ರಿಯಾದ ಮಗುವಿಗೆ ತಡೆ ಔಷಧ: 3 ತಿಂಗಳು ರಿಫಾಂಪಿಸಿನ್ ಮತ್ತು ಐಸೊನಿಯಾಜಿಡ್, ಅಥವಾ 6 ತಿಂಗಳು ಐಸೊನಿಯಾಜಿಡ್. ಹಿರಿಯರಿಗೆ ಪ್ರತಿರೋಧ ಇಲ್ಲವೆಂದು ತಿಳಿದ ಮೇಲೆ.

ಎಳೆಮಕ್ಕಳವಾರ್ಡ್

ಡೋಸ್ ಇವತ್ತೇ ಸರಿಪಡಿಸಿದ್ದೇವೆ: 3 ಮೂರೌಷಧ, 1 ಎರಡೌಷಧ, ಇಥಿಯೊನಮೈಡ್ 2. ಪ್ರೆಡ್ನಿಸೊಲೋನ್ 22 ಮಿ.ಗ್ರಾಂ ಹೋಗಿದೆ. ದ್ರವ ಕಡಿತ ಮಾಡಿಲ್ಲ, 0.9% ಸಲೈನ್ ಡೆಕ್ಸ್‌ಟ್ರೋಸ್ ನಡೆಯುತ್ತಿದೆ, ಸೋಡಿಯಂ ರಾತ್ರಿ 10ಕ್ಕೆ ಮತ್ತೆ. ಹಿರಿಯರ ಕಫದ ವರದಿ ಮತ್ತು ಮನೆಯಲ್ಲಿರುವ ಎಂಟು ತಿಂಗಳ ಕೂಸು, ಎರಡೂ ನಾಳೆ ಬೆಳಿಗ್ಗೆ ಬರುತ್ತವೆ.